ವೆಬ್ ಡೆವಲಪರ್ ಕಾನ್ಫರೆನ್ಸಿನ ಟಾಕ್‌ಗಳಿಗೆ ಫೀಡ್‌ಬ್ಯಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಡೆವಲಪರ್ ಕೂಟಗಳಿಗೆ ಮೊದಲು ಕೇಳುಗನಾಗಿ ಹೋಗುತ್ತಿದ್ದೆ. ಆಮೇಲೆ ಒಂದೆರಡು ಟಾಕ್ ಕೊಟ್ಟೆ. ಈಗ ಹೆಚ್ಚಾಗಿ ಕುರ್ಚಿ ಜೋಡಿಸುವುದು, ಮೈಕಿನ ಬ್ಯಾಟರಿ ಬದಲಿಸುವುದು, ಸಂಜೆ ಫೀಡ್‌ಬ್ಯಾಕ್ ಫಾರ್ಮ್‌ಗಳನ್ನು ಗುಡ್ಡೆ ಹಾಕಿಕೊಂಡು ಓದುವುದು ನನ್ನ ಪಾಲಿನ ಕೆಲಸ. ಕಾಫಿ ವಿರಾಮದಲ್ಲಿ ಮತ್ತು ಮೇಲ್‌ಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಸಲ ಬಂದವರಿಂದ ಶುರುವಾಗಿ ಆಯೋಜಕರ ತಲೆನೋವಿನವರೆಗೆ ಹೋಗುತ್ತದೆ. ನಿಮಗೆ ಬೇಕಾದ ಕಡೆ ಇಳಿದುಕೊಳ್ಳಿ.

## ಮೊದಲ ಸಲ ಬಂದವರು ಕೇಳುವುದು

ನಾನಿನ್ನೂ ಫ್ರೆಶರ್. ಸ್ಪೀಕರ್‌ಗೆ ಹದಿನೈದು ವರ್ಷದ ಅನುಭವ. ಅವರ ಟಾಕ್ ಬಗ್ಗೆ ಹೇಳೋಕೆ ನಾನು ಯಾರು?

ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನಲು ಅಡುಗೆ ಬರಬೇಕಾಗಿಲ್ಲ, ನಾಲಿಗೆ ಇದ್ದರೆ ಸಾಕು. ಸ್ಪೀಕರ್‌ಗೆ ವಿಷಯ ಚೆನ್ನಾಗಿ ಗೊತ್ತು. ಅದು ಗೊತ್ತಿಲ್ಲದವರ ತಲೆಗೆ ಹೇಗೆ ಇಳಿಯಿತು ಎಂಬುದೊಂದು ಮಾತ್ರ ಅವರಿಗೆ ಗೊತ್ತಾಗುವುದಿಲ್ಲ. ‘ಹೈಡ್ರೇಶನ್’ ಎಂಬ ಪದ ಮೊದಲ ಸಲ ಕಿವಿಗೆ ಬಿದ್ದಾಗ ಎಷ್ಟು ವಿಚಿತ್ರವಾಗಿತ್ತು ಎಂಬುದನ್ನು ಅವರು ಯಾವತ್ತೋ ಮರೆತಿದ್ದಾರೆ. ಸರ್ವರ್ ಕಳಿಸಿದ ಪುಟದ ಹಂದರಕ್ಕೆ, ಅಂದರೆ ಎಚ್‌ಟಿಎಂಎಲ್‌ಗೆ, ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಕೋಡ್ ಬಂದು ಜೀವ ತುಂಬುವುದಕ್ಕೆ ಹಾಗೆನ್ನುತ್ತಾರೆ ಎಂದು ಒಂದೇ ಸಾಲು ಹೇಳಿದ್ದರೆ ಉಳಿದ ಅರ್ಧ ಗಂಟೆ ನಿಮಗೆ ದಕ್ಕುತ್ತಿತ್ತು. “ಹೈಡ್ರೇಶನ್ ಅಂದರೇನು ಅಂತ ಹೇಳಲಿಲ್ಲ, ಅಲ್ಲಿಂದ ಮುಂದೆ ನನಗೆ ಎಳೆ ತಪ್ಪಿತು” ಎಂದು ಬರೆಯಿರಿ. ಆ ಸಭಾಂಗಣದಲ್ಲಿದ್ದ ಯಾವ ಸೀನಿಯರ್‌ಗೂ ಈ ಸಾಲು ಬರೆಯಲು ಬರುವುದಿಲ್ಲ.

‘ಸೂಪರ್ ಸರ್, ತುಂಬಾ ಇನ್ಫರ್ಮೇಟಿವ್’ ಅಂತ ಬರೆದರೆ ಸಾಲಲ್ವಾ?

ಓದಿದವರಿಗೆ ಖುಷಿಯಂತೂ ಆಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಮುಂದಿನ ಸಲ ಆ ಟಾಕ್‌ನಲ್ಲಿ ಏನನ್ನು ಉಳಿಸಿಕೊಳ್ಳಬೇಕು ಎಂದು ಅದರಿಂದ ತಿಳಿಯುವುದಿಲ್ಲ. ನಾನು ಬಳಸುವ ಪರೀಕ್ಷೆ ಇದು: ನೀವು ಬರೆದ ಸಾಲನ್ನು ಕಿತ್ತು ಪಕ್ಕದ ಸಭಾಂಗಣದ ಟಾಕ್‌ಗೆ ಅಂಟಿಸಿದರೂ ನಡೆಯುತ್ತದೆಯೇ? ನಡೆಯುವುದಾದರೆ ಇನ್ನೊಂದು ಸಾಲು ಸೇರಿಸಿ. “ಕ್ರೋಮ್‌ನ ಪರ್ಫಾರ್ಮೆನ್ಸ್ ಟ್ಯಾಬ್ ತೆರೆದು, 50 ಮಿಲಿಸೆಕೆಂಡ್ ದಾಟಿದ ಕೆಲಸಕ್ಕೆಲ್ಲ ಕೆಂಪು ಗೆರೆ ಬೀಳುವುದನ್ನು ತೋರಿಸಿದಿರಲ್ಲ, ನಮ್ಮ ಪೇಜು ಯಾಕೆ ತೆವಳುತ್ತದೆ ಅಂತ ನನಗೆ ಹೊಳೆದದ್ದು ಆಗಲೇ.” ಇಂಥ ಸಾಲು ಸಿಕ್ಕಿದ ಸ್ಪೀಕರ್ ಆ ಭಾಗವನ್ನು ಸಮಯ ಸಾಲದೆ ಕತ್ತರಿಸುವ ಪ್ರಮೇಯ ಬಂದರೂ ಮುಟ್ಟುವುದಿಲ್ಲ.

ಫಾರ್ಮ್ ಅಲ್ಲೇ ತುಂಬಬೇಕಾ? ಮನೆಗೆ ಹೋಗಿ ತುಂಬಿದರೆ ಆಗಲ್ವಾ?

ಆಗುತ್ತದೆ, ಆದರೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅರ್ಧ ಮರೆತಿರುತ್ತೀರಿ. ಉಳಿದ ಅರ್ಧವನ್ನೂ ಪೂರ್ತಿ ನಂಬುವಂತಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ಸಲ ಜನರ ಕೈಯನ್ನು 14 ಡಿಗ್ರಿಯ ತಣ್ಣನೆ ನೀರಿನಲ್ಲಿ 60 ಸೆಕೆಂಡ್ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡಿನ ಜೊತೆಗೆ ಇನ್ನೂ 30 ಸೆಕೆಂಡ್; ಆ ಕೊನೆಯ ಹೊತ್ತಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಮತ್ತೆ ಯಾವುದನ್ನು ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನು! ಕೊನೆ ಹಿತವಾಗಿದ್ದರೆ ನೆನಪೂ ಹಿತವಾಗುತ್ತದೆ. ಟಾಕ್ ಕೊನೆಯಲ್ಲಿ ಒಂದು ಒಳ್ಳೆಯ ಜೋಕ್ ಬಿದ್ದರೆ ನಡುವಿನ ಇಪ್ಪತ್ತು ನಿಮಿಷದ ಗೋಜಲು ಮನೆ ತಲುಪುವಷ್ಟರಲ್ಲಿ ಮಾಯ. ಹಾಗಾಗಿ ಕೂತಲ್ಲೇ ಫೋನಿನಲ್ಲಿ ಎರಡು ಪದ ಗುರುತು ಹಾಕಿಕೊಳ್ಳಿ, ಫಾರ್ಮ್ ಬೇಕಾದರೆ ರಾತ್ರಿ ತುಂಬಿ.

ಕನ್ನಡದಲ್ಲಿ ಬರೆಯಬಹುದಾ?

ಧಾರಾಳವಾಗಿ. ಇಂಗ್ಲಿಷಿನಲ್ಲಿ ‘ಗುಡ್’ ಎಂದು ಬರೆದು ಮುಗಿಸುವವರೇ ಕನ್ನಡದಲ್ಲಿ ಐದಾರು ಸಾಲು ಬರೆದದ್ದನ್ನು ನೋಡಿದ್ದೇನೆ. ಸ್ಪೀಕರ್‌ಗೆ ಕನ್ನಡ ಬಾರದಿದ್ದರೆ ಅನುವಾದಿಸಿ ಕೊಡುವುದು ನಮ್ಮ ಕೆಲಸ, ನಿಮ್ಮದಲ್ಲ. ಆಯೋಜಕರಿಗೆ ಒಂದು ಕಿವಿಮಾತು: ಉತ್ತರಗಳನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಡೇಟಾ ಹಾಳಾಗಿಲ್ಲ, ಇಂಪೋರ್ಟ್ ಮಾಡುವಾಗ ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆರಿಸಿದರೆ ಸರಿಹೋಗುತ್ತದೆ. ಇದು ತಿಳಿಯದೆ ಒಂದು ವರ್ಷ ಕನ್ನಡದ ಉತ್ತರಗಳನ್ನು ‘ಸ್ಪ್ಯಾಮ್’ ಎಂದು ಅಳಿಸಿದ ಪುಣ್ಯಾತ್ಮ ನಾನೇ.

ಟಾಕ್ ಅರ್ಧಕ್ಕೇ ಎದ್ದು ಹೋದರೆ ಸ್ಪೀಕರ್‌ಗೆ ಅವಮಾನ ಅಲ್ವಾ?

ನಮ್ಮಲ್ಲಿ ಹರಿಕಥೆಯ ನಡುವೆ ಏಳುವುದಕ್ಕೂ ಹಿಂಜರಿಯುವವರಿದ್ದಾರೆ, ಆ ಸಂಕೋಚ ಅರ್ಥವಾಗುತ್ತದೆ. ಆದರೆ 1980ರ ದಶಕದಲ್ಲಿ ಹ್ಯಾರಿಸನ್ ಓವನ್ ರೂಪಿಸಿದ, ಏನು ಮಾತಾಡಬೇಕೆಂದು ಬಂದವರೇ ನಿರ್ಧರಿಸುವ ‘ಓಪನ್ ಸ್ಪೇಸ್’ ಕೂಟಗಳಲ್ಲಿ ‘ಎರಡು ಕಾಲಿನ ನಿಯಮ’ ಎಂದೇ ಒಂದಿದೆ: ನೀವಿರುವ ಕಡೆ ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನಿಸಿದರೆ ನಿಮ್ಮ ಕಾಲುಗಳನ್ನು ಬಳಸಿ ಬೇರೆ ಕಡೆ ಹೋಗಿ. 2006ರಲ್ಲಿ ಶುರುವಾದ, ಅದೇ ಬಗೆಯ ‘ಬಾರ್‌ಕ್ಯಾಂಪ್ ಬೆಂಗಳೂರು’ ಕೂಟದಲ್ಲಿ ಹೀಗೆ ಕೋಣೆಯಿಂದ ಕೋಣೆಗೆ ಅಲೆಯುವುದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಸದ್ದಿಲ್ಲದೆ ಏಳಿ. ಏಕೆ ಎದ್ದಿರಿ ಎಂಬುದನ್ನು ಮಾತ್ರ ಫಾರ್ಮಿನಲ್ಲಿ ತಿಳಿಸಿ. ರೈಲು ಹಿಡಿಯಬೇಕಿತ್ತೋ, ತಪ್ಪು ಹಾಲಿಗೆ ಬಂದಿದ್ದಿರೋ, ಇಲ್ಲಾ ವಿವರಣೆಯಲ್ಲಿ ಹೇಳಿದ್ದು ಒಂದು, ವೇದಿಕೆಯಲ್ಲಿ ನಡೆದದ್ದು ಇನ್ನೊಂದೋ? ಮೂರಕ್ಕೂ ಮದ್ದು ಬೇರೆ ಬೇರೆ.

ಊಟ ಚೆನ್ನಾಗಿರಲಿಲ್ಲ. ಎಲ್ಲಿ ಬರೆಯೋದು?

ಊಟದ ಖಾನೆಯಲ್ಲಿ. ದಯವಿಟ್ಟು ಸ್ಪೀಕರ್‌ಗೆ ಕೊಡುವ ನಕ್ಷತ್ರಗಳಲ್ಲಿ ಬೇಡ. ಬಿಸಿಬೇಳೆಬಾತ್ ಖಾಲಿಯಾದದ್ದಕ್ಕೆ ಮಧ್ಯಾಹ್ನ ಎರಡಕ್ಕೆ ಟಾಕ್ ಇದ್ದವರು ಅಂಕ ಕಳೆದುಕೊಂಡದ್ದುಂಟು.

## ಬರೆಯುವಾಗ ಕೈ ತಡೆದಾಗ

ಟಾಕ್ ನಿಜಕ್ಕೂ ಕೆಟ್ಟದಾಗಿತ್ತು. ಸುಳ್ಳು ಹೇಳಲಾ, ಮನಸ್ಸು ನೋಯಿಸಲಾ?

ಸ್ಪೀಕರ್ ಎಂಥವರು ಎಂದು ತೀರ್ಪು ಕೊಡುವ ಬದಲು ನಿಮಗೆ ಏನಾಯಿತು ಎಂದು ಬರೆದರೆ ಎರಡರ ಹಂಗೂ ಇರುವುದಿಲ್ಲ. ನನ್ನದೇ ಒಂದು ಟಾಕ್‌ಗೆ ಬಂದ ಎರಡು ಫಾರ್ಮ್‌ಗಳು ಇನ್ನೂ ನೆನಪಿವೆ. ಒಂದರಲ್ಲಿ ‘ವೇಸ್ಟ್ ಆಫ್ ಟೈಮ್’ ಎಂದಿತ್ತು. ಇನ್ನೊಂದರಲ್ಲಿ, “ಲೈವ್ ಕೋಡಿಂಗ್ ಶುರು ಮಾಡಿದ ಮೇಲೆ ಹನ್ನೊಂದು ನಿಮಿಷ ನಮಗೆ ಬೆನ್ನು ಹಾಕಿ ನಿಂತಿದ್ದಿರಿ. ಎರರ್ ಬಂದಾಗ ನೀವು ಮನಸ್ಸಿನಲ್ಲೇ ಯೋಚಿಸಿದಿರಿ, ನಾವು ಸುಮ್ಮನೆ ಕೂತಿದ್ದೆವು.” ಎರಡೂ ಚುಚ್ಚಿದವು. ಮೊದಲನೆಯದಕ್ಕೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ, ಒಂದು ವಾರ ಬೇಜಾರು ಪಟ್ಟುಕೊಳ್ಳುವುದರ ಹೊರತು. ಎರಡನೆಯದನ್ನು ಓದಿದ ಮೇಲೆ ಲ್ಯಾಪ್‌ಟಾಪನ್ನು ಜನರ ಕಡೆಗೆ ತಿರುಗಿಸಿ ನಿಲ್ಲುವುದನ್ನೂ ಎರರ್ ಬಂದಾಗ ಬಾಯಿಬಿಟ್ಟು ಯೋಚಿಸುವುದನ್ನೂ ರೂಢಿಸಿಕೊಂಡೆ. ಹನ್ನೊಂದು ನಿಮಿಷ ಎಂದು ಎಣಿಸಿ ಬರೆದವರು ಯಾರೋ, ಅವರಿಗೊಂದು ಕಾಫಿ ಬಾಕಿ ಇದೆ.

ಸ್ಪೀಕರ್ ಹೇಳಿದ್ದು ತಾಂತ್ರಿಕವಾಗಿ ತಪ್ಪು. ಎಲ್ಲರ ಮುಂದೆ ಎದ್ದು ಹೇಳಲಾ?

ತಪ್ಪನ್ನು ನಂಬಿ ಮನೆಗೆ ಹೋದವರಿಗೆ ಎಷ್ಟು ನಷ್ಟ ಎಂಬುದರ ಮೇಲೆ ನಿಂತಿದೆ. ಇಷ್ಟು ಹೊತ್ತು ಬಿಟ್ಟು ಈ ಕೋಡ್ ಓಡಿಸು ಎನ್ನುವ ಸೆಟ್‌ಟೈಮ್‌ಔಟ್ ಇದೆಯಲ್ಲ, ‘ಅದಕ್ಕೆ ಸೊನ್ನೆ ಕೊಟ್ಟರೆ ತಕ್ಷಣ ಓಡುತ್ತದೆ’ ಎಂದರೆ ತಪ್ಪು. ಈಗ ಓಡುತ್ತಿರುವ ಕೋಡ್ ಮುಗಿದು, ಕಾದಿರುವ ಪ್ರಾಮಿಸ್‌ಗಳೂ (ಆಮೇಲೆ ಬರುವ ಫಲಿತಾಂಶಕ್ಕೆ ಕಾಯುವ ಕೋಡ್) ಮುಗಿದ ಮೇಲೆ ಅದರ ಸರದಿ. ಇದನ್ನು ವಿರಾಮದಲ್ಲಿ ಮೆಲ್ಲಗೆ ಹೇಳಿದರೆ ಸಾಕು. ‘ಲಾಗಿನ್ ಟೋಕನ್ (ಲಾಗಿನ್ ಆದದ್ದಕ್ಕೆ ಸಿಗುವ ಗುರುತು) ಬ್ರೌಸರಿನ ಲೋಕಲ್‌ಸ್ಟೋರೇಜ್ ಎಂಬ ಉಗ್ರಾಣದಲ್ಲಿ ಇಡಿ, ಪೂರ್ತಿ ಸುರಕ್ಷಿತ’ ಎಂದರೆ ಮಾತ್ರ ಪ್ರಶ್ನೋತ್ತರದಲ್ಲೇ ಕೈ ಎತ್ತಿ. ಪುಟದೊಳಗೆ ಹೇಗೋ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಲ್ಲದು (ಹೀಗೆ ನುಸುಳುವುದಕ್ಕೆ ಎಕ್ಸ್‌ಎಸ್‌ಎಸ್ ದಾಳಿ ಎನ್ನುತ್ತಾರೆ), ನಾಳೆ ಬೆಳಿಗ್ಗೆ ಇನ್ನೂರು ಜನ ಅದನ್ನೇ ಮಾಡಬಾರದು. ಪ್ರಶ್ನೆಯ ರೂಪದಲ್ಲಿ ಕೇಳಿ: “ಎಕ್ಸ್‌ಎಸ್‌ಎಸ್ ದಾಳಿಯಾದರೆ ಆ ಟೋಕನ್ ಗತಿ ಏನು?” ತಮ್ಮ ಪಾಂಡಿತ್ಯ ಮೆರೆಸಲು ಮೈಕ್ ಹಿಡಿದು ಐದು ನಿಮಿಷ ಭಾಷಣ ಮಾಡುವವರ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ.

ಸ್ಪೀಕರ್ ಇಂಗ್ಲಿಷ್ ಉಚ್ಚಾರಣೆ ಸರಿ ಇರಲಿಲ್ಲ ಅಂತ ಬರೆಯಬಹುದಾ?

ಬೇಡ. ಹುಬ್ಬಳ್ಳಿಯವರ ಇಂಗ್ಲಿಷಿನಲ್ಲಿ ಹುಬ್ಬಳ್ಳಿ ಇರುತ್ತದೆ, ಬರ್ಲಿನ್‌ನವರದರಲ್ಲಿ ಬರ್ಲಿನ್. ಬದಲಾಯಿಸಲು ಸಾಧ್ಯವಿರುವುದನ್ನು ಬರೆಯಿರಿ: ವೇಗ ಹೆಚ್ಚಾಯಿತು, ವಾಕ್ಯದ ಕೊನೆಗೆ ದನಿ ಇಳಿಯುತ್ತಿತ್ತು, ಮೈಕ್ ಬಾಯಿಂದ ದೂರವಿತ್ತು, ಪರದೆಯಲ್ಲಿ ಕ್ಯಾಪ್ಶನ್ ಇದ್ದಿದ್ದರೆ ಚೆನ್ನಿತ್ತು.

ಹೆಸರು ಬರೆಯಲೇಬೇಕಾ?

ಬೇಕಾಗಿಲ್ಲ. ಬೆಂಗಳೂರಿನ ವೆಬ್ ಲೋಕ ಹೊರಗಿನಿಂದ ದೊಡ್ಡದು, ಒಳಗೆ ಸಣ್ಣ ಊರು. ಇವತ್ತಿನ ಸ್ಪೀಕರ್ ನಾಳೆ ನಿಮ್ಮ ಇಂಟರ್‌ವ್ಯೂ ಮಾಡಬಹುದು. ಹೆಸರಿಲ್ಲದ ಫಾರ್ಮ್‌ನಲ್ಲಿ ಜನ ಹೆಚ್ಚು ನಿಜ ಬರೆಯುತ್ತಾರೆ, ಅಪರೂಪಕ್ಕೆ ಹೆಚ್ಚು ವಿಷವನ್ನೂ. ಹೆಸರಿನ ಬದಲು ನಾನು ಕೇಳುವುದು ಒಂದೇ: ಈ ವಿಷಯದಲ್ಲಿ ನಿಮಗೆಷ್ಟು ಅನುಭವ? ಅದು ಗೊತ್ತಾದರೆ ನಿಮ್ಮ ಮಾತನ್ನು ಯಾವ ಕಿವಿಯಿಂದ ಕೇಳಬೇಕು ಎಂದು ಸ್ಪೀಕರ್‌ಗೆ ತಿಳಿಯುತ್ತದೆ. ಆಯೋಜಕರೇ, ಫೋನ್ ನಂಬರ್ ಕಡ್ಡಾಯ ಮಾಡುವ ಚಾಳಿ ಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಯಾವ ಉದ್ದೇಶಕ್ಕೆಂದು ತಿಳಿಸಿ, ಒಪ್ಪಿಗೆ ಪಡೆದು, ಬೇಕಾದಷ್ಟನ್ನೇ ತೆಗೆದುಕೊಳ್ಳಿ ಎಂಬುದು. ಟಾಕ್ ಹೇಗಿತ್ತು ಎಂದು ತಿಳಿಯಲು ಯಾರ ಮೊಬೈಲ್ ನಂಬರೂ ಬೇಕಿಲ್ಲ.

## ಸ್ಪೀಕರ್‌ಗಳು ಕೇಳುವುದು

ಮೂವತ್ತು ಜನ ಮೆಚ್ಚಿದ್ದಾರೆ, ಒಬ್ಬರು ಬೈದಿದ್ದಾರೆ. ನಿದ್ದೆ ಬರ್ತಿಲ್ಲ. ಏನ್ ಮಾಡ್ಲಿ?

ಮೊದಲು, ಟಾಕ್ ಕೊಟ್ಟ ರಾತ್ರಿ ಫೀಡ್‌ಬ್ಯಾಕ್ ಓದಬೇಡಿ. ಎರಡು ದಿನ ಬಿಟ್ಟು, ಸಾಧ್ಯವಾದರೆ ಗೆಳೆಯರೊಬ್ಬರಿಗೆ ಮೊದಲು ಓದಲು ಕೊಡಿ. ಆಮೇಲೆ ಆ ಒಂದನ್ನು ಎತ್ತಿಕೊಂಡು, ಬೈಗುಳವನ್ನು ಸುಲಿದರೆ ಒಳಗೆ ತಿರುಳು ಇದೆಯೇ ನೋಡಿ. ‘ಬೋರಿಂಗ್’ ಎಂದಷ್ಟೇ ಇದ್ದರೆ ತಿರುಳಿಲ್ಲ, ಬಿಡಿ. ‘ಬೋರಿಂಗ್, ಕಂಪನಿ ಪರಿಚಯಕ್ಕೇ ಎಂಟು ನಿಮಿಷ ಹೋಯ್ತು’ ಎಂದಿದ್ದರೆ, ಅದನ್ನು ಬರೆದವರು ಒಬ್ಬರೇ ಆದರೂ ಅನ್ನಿಸಿದ್ದು ಹಲವರಿಗೆ ಇರಬಹುದು. ವಿಡಿಯೋ ಇದ್ದರೆ ಗಡಿಯಾರ ಹಿಡಿದು ನೋಡಿ.

ಒಬ್ಬರು ತುಂಬಾ ಬೇಸಿಕ್ ಅಂದರು, ಇನ್ನೊಬ್ಬರು ಏನೂ ಅರ್ಥ ಆಗಲಿಲ್ಲ ಅಂದರು. ಯಾರನ್ನ ನಂಬಲಿ?

ಇಬ್ಬರನ್ನೂ. ದೋಷ ಬಹುಪಾಲು ಟಾಕ್‌ನಲ್ಲಿರುವುದಿಲ್ಲ, ವೇಳಾಪಟ್ಟಿಯಲ್ಲಿ ಅಚ್ಚಾದ ನಾಲ್ಕು ಸಾಲಿನ ವಿವರಣೆಯಲ್ಲಿರುತ್ತದೆ. ‘ಎಲ್ಲ ಹಂತದವರಿಗೂ’ ಎಂದು ಬರೆದರೆ ಎಲ್ಲ ಹಂತದವರೂ ಬಂದು ಅರ್ಧ ಜನ ನಿರಾಶರಾಗುತ್ತಾರೆ. ‘ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಸಲಕರಣೆ) ಒಂದಾದರೂ ಆ್ಯಪ್ ಕಟ್ಟಿರಬೇಕು’ ಎಂದು ಬರೆದು ನೋಡಿ, ಹಾಲಿನಲ್ಲಿ ಇಪ್ಪತ್ತು ಕುರ್ಚಿ ಖಾಲಿ ಉಳಿಯಬಹುದು, ಫಾರ್ಮ್‌ಗಳು ಒಂದೇ ದನಿಯಲ್ಲಿ ಮಾತಾಡುತ್ತವೆ.

ಇನ್ನೊಂದು ಮಾತು. ಬೇಸಿಕ್ ಎಂಬುದು ಬೈಗುಳವಲ್ಲ. ಯುರೋಪಿನ ಜಾವಾಸ್ಕ್ರಿಪ್ಟ್ ಸಮ್ಮೇಳನ ಜೆಎಸ್‌ಕಾನ್ಫ್ ಇಯುನಲ್ಲಿ 2014ರಲ್ಲಿ ಫಿಲಿಪ್ ರಾಬರ್ಟ್ಸ್ ಮಾತಾಡಿದ್ದು ಈವೆಂಟ್ ಲೂಪ್ ಬಗ್ಗೆ, ಅಂದರೆ ಯಾವ ಕೋಡ್ ಯಾವಾಗ ಓಡಬೇಕು ಎಂಬ ಸರದಿಯ ಬಗ್ಗೆ. ಜಾವಾಸ್ಕ್ರಿಪ್ಟ್ ಬರೆಯುವ ಪ್ರತಿಯೊಬ್ಬರೂ ತಮಗೆ ಗೊತ್ತೆಂದುಕೊಂಡ ವಿಷಯ ಅದು. ಈಗ ಓಡುತ್ತಿರುವ ಕೆಲಸಗಳ ಸ್ಟ್ಯಾಕ್ ಏರಿಳಿಯುವುದನ್ನೂ, ಆಮೇಲೆ ಓಡಬೇಕಾದ ಕಾಲ್‌ಬ್ಯಾಕ್‌ಗಳು ಕ್ಯೂನಲ್ಲಿ ಕಾಯುವುದನ್ನೂ ಕಣ್ಣಿಗೆ ಕಾಣುವಂತೆ ತೋರಿಸಿದರು. ಇವತ್ತಿಗೂ ಹೊಸಬರಿಗೆ ಅದರ ವಿಡಿಯೋ ಕಳಿಸುತ್ತೇವೆ.

ಸಭೆಯೆಲ್ಲ ಒಪ್ಪಲ್ಲ ಅಂತ ತಲೆ ಅಲ್ಲಾಡಿಸಿತು, ಕೆಲವರು ನಕ್ಕರು. ನನ್ನ ವಿಚಾರವೇ ತಪ್ಪಿರಬಹುದಾ?

ಇರಬಹುದು. ಆದರೆ ಅಂದಿನ ಫೀಡ್‌ಬ್ಯಾಕ್ ಒಂದರಿಂದಲೇ ಅದು ತೀರ್ಮಾನವಾಗುವುದಿಲ್ಲ. ನಮ್ಮ ಕ್ಷೇತ್ರದ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2009ರ ನವೆಂಬರ್, ಬರ್ಲಿನ್, ಜೆಎಸ್‌ಕಾನ್ಫ್ ಇಯು. ರಯನ್ ಡಾಲ್ ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ, ಸರ್ವರಿನಲ್ಲಿ ಓಡಿಸುವ ತಮ್ಮ ನೋಡ್.ಜೆಎಸ್ ತೋರಿಸಿದರು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದಕ್ಕಿಂತ ಒಳ್ಳೆಯ ಫೀಡ್‌ಬ್ಯಾಕ್ ಯಾರಿಗೂ ಸಿಕ್ಕಲಾರದು. 2018ರಲ್ಲಿ ಅದೇ ಬರ್ಲಿನ್, ಅದೇ ಸಮ್ಮೇಳನ. ಅದೇ ಡಾಲ್ ವೇದಿಕೆಗೆ ಬಂದು ನೋಡ್ ಬಗ್ಗೆ ತಮಗಿರುವ ಹತ್ತು ಪಶ್ಚಾತ್ತಾಪಗಳನ್ನು ಪಟ್ಟಿ ಮಾಡಿದರು. ಪ್ರಾಮಿಸ್‌ಗಳನ್ನು ಬಿಟ್ಟುಕೊಟ್ಟದ್ದು, ಭದ್ರತೆಯ ಕಡೆ ಗಮನ ಕೊಡದಿದ್ದದ್ದು, ಬೇರೆಯವರ ಕೋಡ್ ತುಂಬಿಕೊಂಡು ನಮ್ಮೆಲ್ಲರ ಹಾರ್ಡ್ ಡಿಸ್ಕ್ ತಿನ್ನುವ ನೋಡ್ ಮಾಡ್ಯೂಲ್ಸ್ ಫೋಲ್ಡರ್, ಎಲ್ಲವೂ ಅದರಲ್ಲಿದ್ದವು. ಆ ಪಟ್ಟಿ ಮುಗಿಸಿ, ಆ ತಪ್ಪುಗಳನ್ನು ತಿದ್ದಲು ಹೊರಟ ತಮ್ಮ ಹೊಸ ಡೆನೋ ಪರಿಚಯಿಸಿದರು.

ಇನ್ನು 2013ರ ಮೇ ತಿಂಗಳು, ಅಮೆರಿಕದ ಜೆಎಸ್‌ಕಾನ್ಫ್. ಫೇಸ್‌ಬುಕ್‌ನ ಟಾಮ್ ಒಕಿನೊ ಮತ್ತು ಜೋರ್ಡನ್ ವಾಕ್ ರಿಯಾಕ್ಟ್ ಅನ್ನು ಬಯಲಿಗಿಟ್ಟರು. ಜಾವಾಸ್ಕ್ರಿಪ್ಟ್ ನಡುವೆ ಎಚ್‌ಟಿಎಂಎಲ್ ಹೋಲುವ ಜೆಎಸ್‌ಎಕ್ಸ್ ಕಂಡವರು ಮೂಗು ಮುರಿದರು, ಗೇಲಿ ಮಾಡಿದರು. ಎರಡನ್ನೂ ಬೇರೆ ಬೇರೆ ಕಡತದಲ್ಲಿಡುವುದು ಆಗ ನಮ್ಮೆಲ್ಲರ ಮಡಿ. ಈ ಫೀಡ್‌ಬ್ಯಾಕ್‌ಗೆ ತಂಡ ಸಿಟ್ಟಾಗಲೂ ಇಲ್ಲ, ಜೆಎಸ್‌ಎಕ್ಸ್ ಬಿಡಲೂ ಇಲ್ಲ. ಹೇಳುವ ರೀತಿ ಬದಲಿಸಿತು. ಅದೇ ವರ್ಷ ಜೆಎಸ್‌ಕಾನ್ಫ್ ಇಯುನಲ್ಲಿ ಪೀಟ್ ಹಂಟ್ ನೇರವಾಗಿ ಆ ಆಕ್ಷೇಪಕ್ಕೇ ಕೈ ಹಾಕಿದರು: ಪುಟದ ಹಂದರವಾದ ಟೆಂಪ್ಲೇಟ್ ಒಂದು ಕಡತ, ಕೋಡ್ ಇನ್ನೊಂದು ಕಡತ ಮಾಡಿದರೆ ಬೇರೆಯಾಗುವುದು ತಂತ್ರಜ್ಞಾನಗಳು, ಕೆಲಸಗಳಲ್ಲ, ಒಂದೇ ಬಟನ್‌ಗೆ ಸೇರಿದ ಎರಡೂ ಒಂದೇ ಕಡೆ ಇದ್ದರೆ ತಪ್ಪೇನು? ಇವತ್ತು ವೆಬ್ ಲೋಕದಲ್ಲಿ ರಿಯಾಕ್ಟ್ ಎಲ್ಲೆಲ್ಲೂ ಇದೆ.

ಜನ ನಕ್ಕದ್ದು ಎಲ್ಲಿ ಎಂದು ಗುರುತಿಸಿಕೊಳ್ಳಿ. ಮುಂದಿನ ಟಾಕ್ ಅಲ್ಲಿಂದಲೇ ಶುರುವಾಗಲಿ.

ಸ್ಲೈಡ್ ಕಾಣಲಿಲ್ಲ ಅಂತ ಪ್ರತಿ ಸಲ ಬರುತ್ತೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಕಾಣುತ್ತಲ್ಲ?

ಲ್ಯಾಪ್‌ಟಾಪ್ ನಿಮ್ಮ ಕಣ್ಣಿಂದ ಎರಡಡಿ ದೂರದಲ್ಲಿದೆ. ಕೊನೆಯ ಸಾಲಿನವರಿಗೆ ಪರದೆ ಅರವತ್ತಡಿ ಆಚೆ, ಅದೂ ಹಳೆಯ ಪ್ರೊಜೆಕ್ಟರ್, ಕಿಟಕಿಯ ಬಿಸಿಲು ಬೇರೆ. ವೆಬ್ ಪುಟಗಳಿಗೆ ನಾವೇ ಅನ್ವಯಿಸುವ ಡಬ್ಲ್ಯುಸಿಎಜಿ ಮಾರ್ಗಸೂಚಿಯನ್ನು (ಪುಟ ಎಲ್ಲರಿಗೂ ಬಳಸಲು ಬರಲಿ ಎಂದು ಮಾಡಿದ್ದು) ಸ್ಲೈಡಿಗೂ ಅನ್ವಯಿಸಿ: ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ದೊಡ್ಡ ಅಕ್ಷರಕ್ಕೆ 3:1. ಪ್ರೊಜೆಕ್ಟರ್ ಬಣ್ಣಗಳನ್ನು ಇನ್ನಷ್ಟು ಪೇಲವ ಮಾಡುವುದರಿಂದ ಇದಕ್ಕಿಂತ ಹೆಚ್ಚೇ ಇರಲಿ. ಬೂದು ಕಾಮೆಂಟ್‌ಗಳಿರುವ ಕಪ್ಪು ಥೀಮ್ ಹಿಂದಿನ ಸಾಲಿಗೆ ಬರೀ ಕಪ್ಪು. ಒಂದು ಸ್ಲೈಡಿನಲ್ಲಿ ಹತ್ತು ಸಾಲು ಕೋಡ್ ಮೀರಿದರೆ ಎರಡು ಸ್ಲೈಡ್ ಮಾಡಿ. ಹಿಂದಿನ ದಿನ ಸಂಜೆ ಹಾಲಿಗೆ ಹೋಗಿ ಕೊನೆಯ ಕುರ್ಚಿಯಲ್ಲಿ ಕೂತು ನೋಡುವುದು ಎಲ್ಲಕ್ಕಿಂತ ಮೇಲು.

## ಆಯೋಜಕರು ಕೇಳುವುದು

ಫಾರ್ಮ್‌ನಲ್ಲಿ ಎಷ್ಟು ಪ್ರಶ್ನೆ ಇರಬೇಕು?

ಪ್ರತಿ ಟಾಕ್‌ಗೆ ಮೂರು. ಅಂಕ ಒಂದು, ‘ಯಾವ ಭಾಗ ನಿಮ್ಮ ಜೊತೆ ಮನೆಗೆ ಬರುತ್ತದೆ?’, ‘ಎಲ್ಲಿ ಎಳೆ ತಪ್ಪಿತು?’. ‘ಸುಧಾರಣೆಗೆ ಸಲಹೆ ಇದೆಯೇ?’ ಎಂದು ಕೇಳಿದರೆ ನಮ್ಮ ಜನ ಸೌಜನ್ಯಕ್ಕೆ ‘ಇಲ್ಲ’ ಎಂದುಬಿಡುತ್ತಾರೆ. ಎಳೆ ಎಲ್ಲಿ ತಪ್ಪಿತು ಎಂದರೆ ತಪ್ಪು ಕೇಳುಗರ ಮೇಲೆ ಬಂದಂತಾಗಿ, ಸಂಕೋಚವಿಲ್ಲದೆ ಬರೆಯುತ್ತಾರೆ.

ಬಾಗಿಲಲ್ಲಿ ಕೆಂಪು, ಹಳದಿ, ಹಸಿರು ಕಾರ್ಡ್ ಇಡೋದು ಒಳ್ಳೇದಾ, ಕ್ಯೂಆರ್ ಕೋಡಾ?

ಸಾಫ್ಟ್‌ವೇರ್ ಡೆವಲಪರ್‌ಗಳ ಕ್ಯೂಕಾನ್ ಸಮ್ಮೇಳನಗಳಲ್ಲಿ ಮೂರು ಬಣ್ಣದ ಪದ್ಧತಿ ಹೆಸರಾಗಿತ್ತು. ಹೊರಗೆ ಹೋಗುತ್ತಾ ಒಂದು ಕಾರ್ಡ್ ಹಾಕಿದರೆ ಆಯಿತು, ಎರಡು ಸೆಕೆಂಡಿನ ಕೆಲಸ. ಹಾಗಾಗಿ ಬಹಳ ಜನ ಹಾಕುತ್ತಾರೆ. ಏಕೆ ಕೆಂಪು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಕ್ಯೂಆರ್‌ನಲ್ಲಿ ಇದರ ತಿರುಗುಮುರುಗು: ಕಾರಣ ಸಿಗುತ್ತದೆ, ಜನ ಸಿಗುವುದಿಲ್ಲ. ನಾವು ಕಾರ್ಡಿನ ಹಿಂಬದಿಯನ್ನು ಖಾಲಿ ಬಿಟ್ಟು ಬಾಗಿಲ ಬಳಿ ದಾರ ಕಟ್ಟಿದ ಪೆನ್ನು ತೂಗುಹಾಕುತ್ತೇವೆ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣುಗಳೂ ಇವೆ, ಕಾರ್ಡಿನ ಮೇಲೆ ನಗುಮುಖ, ಸಪ್ಪೆ ಮುಖದ ಚಿತ್ರವನ್ನೂ ಅಚ್ಚು ಹಾಕಿಸಿ. ಬಾಗಿಲಲ್ಲಿ ಸ್ಪೀಕರ್ ನಿಂತಿರಬಾರದು, ಅವರ ಮುಖ ನೋಡುತ್ತಾ ಕೆಂಪು ಹಾಕುವ ಎದೆಗಾರಿಕೆ ಯಾರಿಗೂ ಇಲ್ಲ.

ಆಫೀಸಿನಲ್ಲಿ ಎನ್‌ಪಿಎಸ್ ಬಳಸ್ತೀವಿ. ಟಾಕ್‌ಗೂ ಅದೇ ಹಾಕಲಾ?

ಎನ್‌ಪಿಎಸ್ ಎಂದರೆ ನೆಟ್ ಪ್ರಮೋಟರ್ ಸ್ಕೋರ್, ‘ಇದನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುತ್ತೀರಾ?’ ಎಂಬುದಕ್ಕೆ ಬರುವ ಅಂಕ. ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಮುಂದಿಟ್ಟ ಈ ಅಳತೆ ಗ್ರಾಹಕರ ನಿಷ್ಠೆಗಾಗಿ ಹುಟ್ಟಿದ್ದು. ಸೊನ್ನೆಯಿಂದ ಹತ್ತರಲ್ಲಿ 9, 10 ಕೊಟ್ಟವರ ಶೇಕಡಾದಿಂದ 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರ ಶೇಕಡಾ ಕಳೆಯುವುದು; 7, 8 ಲೆಕ್ಕಕ್ಕಿಲ್ಲ. ಈಗ ಇಪ್ಪತ್ತು ಜನರ ಕೋಣೆ ಊಹಿಸಿ. ಎಲ್ಲರೂ 8 ಕೊಟ್ಟರೆ ಉತ್ತರ ಸೊನ್ನೆ. ಹತ್ತು ಜನ 9, ಹತ್ತು ಜನ 6 ಕೊಟ್ಟರೂ ಸೊನ್ನೆಯೇ. ಮೊದಲನೆಯ ಕೋಣೆ ತೃಪ್ತವಾಗಿದೆ, ಎರಡನೆಯದು ಎರಡು ಹೋಳಾಗಿದೆ, ಸಂಖ್ಯೆಗೆ ಅದರ ಪರಿವೆಯೇ ಇಲ್ಲ. ಸಾಲದ್ದಕ್ಕೆ, ಎಸ್ಸೆಸ್ಸೆಲ್ಸಿಯ ಫಸ್ಟ್ ಕ್ಲಾಸ್ ಲೆಕ್ಕದಲ್ಲಿ ಬೆಳೆದ ನಮಗೆ ಹತ್ತಕ್ಕೆ ಆರು ಎಂದರೆ ‘ಪರವಾಗಿಲ್ಲ, ಚೆನ್ನಾಗಿತ್ತು’. ಎನ್‌ಪಿಎಸ್ ಕಣ್ಣಿಗೆ ಅದು ನಿಂದೆ.

ಐದಕ್ಕೆ ಒಬ್ಬರಿಗೆ 4.6, ಇನ್ನೊಬ್ಬರಿಗೆ 4.3. ಮುಂದಿನ ವರ್ಷ ಮೊದಲನೆಯವರನ್ನೇ ಕರೆಯೋದಲ್ವಾ?

ಎಷ್ಟು ಜನ ಅಂಕ ಕೊಟ್ಟರು ಎಂದು ಮೊದಲು ಕೇಳಿ. ಹತ್ತರಲ್ಲಿ ಒಂಬತ್ತು ಜನ ಮೆಚ್ಚಿದರು ಅನ್ನೋಣ. ಸಂಖ್ಯಾಶಾಸ್ತ್ರಜ್ಞರು ಬಳಸುವ ವಿಲ್ಸನ್ ಸೂತ್ರದಲ್ಲಿ ಲೆಕ್ಕ ಹಾಕಿದರೆ, 95 ಶೇಕಡಾ ಭರವಸೆಯಲ್ಲಿ ನಿಜವಾದ ಮೆಚ್ಚುಗೆ ಸುಮಾರು 60ರಿಂದ 98 ಶೇಕಡಾ ನಡುವೆ ಎಲ್ಲಾದರೂ ಇರಬಹುದು. ನೂರರಲ್ಲಿ ತೊಂಬತ್ತು ಜನ ಮೆಚ್ಚಿದ್ದರೆ ಅದು 83ರಿಂದ 94ಕ್ಕೆ ಬಿಗಿಯಾಗುತ್ತದೆ. ಎರಡೂ ‘ತೊಂಬತ್ತು ಶೇಕಡಾ’, ತೂಕ ಬೇರೆ. ಹನ್ನೆರಡು ಫಾರ್ಮ್ ಬಂದ ಟಾಕ್‌ಗಳನ್ನು ದಶಮಾಂಶದಲ್ಲಿ ಸಾಲು ನಿಲ್ಲಿಸುವುದು ಜ್ಯೋತಿಷ್ಯಕ್ಕೆ ಹತ್ತಿರ. ಊಟವಾದ ಮೇಲಿನ ಸ್ಲಾಟ್ ಯಾರದಾಗಿತ್ತು, ಎಸಿ ಕೆಟ್ಟಿದ್ದ ಸಭಾಂಗಣ ಯಾವುದು ಎಂಬುದನ್ನೂ ಅಂಕದ ಪಕ್ಕ ಬರೆದಿಡಿ.

ಅಂಕ ಜಾಸ್ತಿ ಬಂದರೆ ಟಾಕ್ ಒಳ್ಳೇದು ಅಂತಾನೇ ಅರ್ಥ ಅಲ್ವಾ?

1970ರಲ್ಲಿ ಅಮೆರಿಕದಲ್ಲಿ ಒಂದು ತಮಾಷೆ ನಡೆಯಿತು. ವೈದ್ಯಕೀಯ ಶಿಕ್ಷಣದಲ್ಲಿ ಗಣಿತದ ಗೇಮ್ ಥಿಯರಿ ಎಂಬ ವಿಷಯದ ಮೇಲೆ ‘ಡಾಕ್ಟರ್ ಮೈರನ್ ಫಾಕ್ಸ್’ ಎಂಬವರು ಉಪನ್ಯಾಸ ಕೊಟ್ಟರು. ಅವರು ಮೈಕಲ್ ಫಾಕ್ಸ್ ಎಂಬ ನಟ, ವಿಷಯದ ಗಂಧಗಾಳಿ ಇರಲಿಲ್ಲ. ಪರಸ್ಪರ ವಿರುದ್ಧದ ಮಾತು, ಅರ್ಥವಿಲ್ಲದ ಪದ, ನಗೆಹನಿ ಸೇರಿಸಿ ಲೀಲಾಜಾಲವಾಗಿ ಮಾತಾಡುವಂತೆ ಅವರನ್ನು ತಯಾರು ಮಾಡಲಾಗಿತ್ತು. ನೇರವಾಗಿಯೂ ವಿಡಿಯೋದಲ್ಲಿಯೂ ನೋಡಿದ ಮೂರು ಗುಂಪುಗಳಲ್ಲಿ ಒಟ್ಟು 55 ಜನ, ಮನೋವೈದ್ಯರು ಮತ್ತು ಶಿಕ್ಷಣದಲ್ಲಿ ಪಳಗಿದವರು. ಬಹುಪಾಲು ಎಲ್ಲರೂ ಮೆಚ್ಚುಗೆಯ ಫೀಡ್‌ಬ್ಯಾಕ್ ಕೊಟ್ಟರು. 1973ರಲ್ಲಿ ಇದು ಸಂಶೋಧನಾ ಲೇಖನವಾಗಿ ಪ್ರಕಟವಾಯಿತು.

ನಮ್ಮ ವೇದಿಕೆಗಳಲ್ಲೂ ಡಾಕ್ಟರ್ ಫಾಕ್ಸ್‌ಗಳು ಬರುತ್ತಾರೆ, ಪಾಪ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಮೀಮ್ ಮೇಲೆ ಮೀಮ್, ಸಭಾಂಗಣದ ತುಂಬ ನಗು, 4.8 ಅಂಕ. ‘ಯಾವ ಭಾಗ ಮನೆಗೆ ಬರುತ್ತದೆ?’ ಎಂಬ ಖಾನೆ ಮಾತ್ರ ಸಾಲಾಗಿ ಖಾಲಿ. ನಾನು ಮೊದಲು ಓದುವುದು ಆ ಖಾನೆಯನ್ನೇ.

ಹೆಣ್ಣುಮಕ್ಕಳು ಟಾಕ್ ಕೊಟ್ಟಾಗ ಫೀಡ್‌ಬ್ಯಾಕ್ ದನಿ ಬೇರೆ ಇರುತ್ತಾ?

ಇರುತ್ತದೆ. 2015ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಆನ್‌ಲೈನ್ ತರಗತಿಯ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. ಒಂದೇ ಶಿಕ್ಷಕರು ಒಂದು ಗುಂಪಿಗೆ ಗಂಡಿನ ಹೆಸರಲ್ಲಿ, ಇನ್ನೊಂದಕ್ಕೆ ಹೆಣ್ಣಿನ ಹೆಸರಲ್ಲಿ ಕಾಣಿಸಿಕೊಂಡರು. ಉತ್ತರಪತ್ರಿಕೆ ತಿದ್ದಿ ಕೊಟ್ಟದ್ದು ಒಂದೇ ಹೊತ್ತಿಗೆ. ಆದರೂ ‘ಸಮಯಕ್ಕೆ ಸರಿಯಾಗಿ ಕೊಡುತ್ತಾರೆ’ ಎಂಬುದಕ್ಕೆ ಗಂಡು ಹೆಸರಿಗೆ ಐದರಲ್ಲಿ 4.35, ಹೆಣ್ಣು ಹೆಸರಿಗೆ 3.55. ಅಧ್ಯಯನ ಸಣ್ಣದು, ಆದರೆ ನಮ್ಮ ಫಾರ್ಮ್‌ಗಳಲ್ಲಿ ನಾನು ಕಾಣುವುದಕ್ಕೂ ಅದಕ್ಕೂ ದೂರವಿಲ್ಲ. ಗಂಡಸಿಗೆ ‘ಕೋಡ್ ಉದಾಹರಣೆ ಇನ್ನೊಂದಿದ್ದರೆ ಚೆನ್ನಿತ್ತು’, ಹೆಂಗಸಿಗೆ ‘ಸ್ವಲ್ಪ ನಗುತ್ತಾ ಮಾತಾಡಬಹುದಿತ್ತು’. ಬಟ್ಟೆ, ನಗು, ದನಿಯ ಮೇಲಿನ ಮಾತುಗಳನ್ನು ನಾವು ಸ್ಪೀಕರ್‌ಗೆ ಕಳಿಸುವ ಮುನ್ನ ತೆಗೆಯುತ್ತೇವೆ. ಇದು ಸೆನ್ಸಾರ್ ಎಂದು ಜಗಳವಾಡಿದವರಿದ್ದಾರೆ, ಇರಲಿ.

ಆಯ್ಕೆಯ ಹಂತದಲ್ಲಿ ಇದಕ್ಕೆ ಮದ್ದು ಸುಲಭ. 2012ರ ಜೆಎಸ್‌ಕಾನ್ಫ್ ಇಯು ಆಯೋಜಕರು ಟಾಕ್‌ನ ಪ್ರಪೋಸಲ್ ಕಳಿಸಲು ಮಹಿಳೆಯರನ್ನು ಹುರಿದುಂಬಿಸಿ, ಆಮೇಲೆ ಹೆಸರು ಮರೆಮಾಡಿ ಆರಿಸಿದರು. ಸ್ಪೀಕರ್‌ಗಳಲ್ಲಿ ಕಾಲು ಭಾಗ ಮಹಿಳೆಯರಾದರು.

ಬಂದ ಫೀಡ್‌ಬ್ಯಾಕನ್ನೆಲ್ಲ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕಾ?

ಪಿಎಚ್‌ಪಿ ಎಂಬ ಭಾಷೆಯಲ್ಲಿ ಕೋಡ್ ಬರೆಯುವ ಜನ ಜಾಯಿಂಡ್.ಇನ್ ಎಂಬ ತಾಣದಲ್ಲಿ ಐದಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಕಾರಣವನ್ನೂ ಬಹಿರಂಗವಾಗಿ ಬರೆಯುವ ರೂಢಿ ಬೆಳೆಸಿದರು. ಬೇರೆ ಊರಿನ ಆಯೋಜಕರಿಗೆ ಅದು ಸ್ಪೀಕರ್‌ನ ಜಾತಕವಿದ್ದಂತೆ. ಪಳಗಿದವರಿಗೆ ಇದು ಸರಿ, ಮೊದಲ ಟಾಕ್ ಕೊಡುವವರಿಗೆ ನನ್ನ ಮತ ಬೇಡ ಎಂದೇ.

ಬಹಿರಂಗವಾಗಿ ಮಾಡುವುದಾದರೆ ಟಾಕ್‌ಗೆ ಮೊದಲೇ ಮಾಡಿ. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹ್ಯಾಸ್‌ಗೀಕ್ ಎಂಬ ಸಂಸ್ಥೆ ತನ್ನ ಸಮ್ಮೇಳನಗಳಿಗೆ ಬಂದ ಪ್ರಪೋಸಲ್‌ಗಳನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿತು. 2011ರಲ್ಲಿ ಶುರುವಾದ ಜಾವಾಸ್ಕ್ರಿಪ್ಟ್ ಸಮ್ಮೇಳನ ಜೆಎಸ್‌ಫೂ ಕೂಡ ಅದರದೇ. ‘ಇದರಲ್ಲಿ ಹೊಸದೇನು?’, ‘ನಿಮ್ಮ ಪ್ರಾಜೆಕ್ಟಿನಲ್ಲಿ ಇದು ಎಲ್ಲಿ ಕೈಕೊಟ್ಟಿತು?’ ಎಂದು ಜನ ಆಗಲೇ ಕೇಳಬಹುದು. ಟಾಕ್ ಮುಗಿದ ಮೇಲೆ ಬರುವ ಸಲಹೆ ಮುಂದಿನ ಸಲಕ್ಕೆ. ಎಷ್ಟೋ ಸ್ಪೀಕರ್‌ಗಳಿಗೆ ಆ ಟಾಕ್‌ನ ಮುಂದಿನ ಸಲ ಎಂಬುದೇ ಇರುವುದಿಲ್ಲ. ಮೊದಲೇ ಬಂದರೆ ಇದೇ ಸಲಕ್ಕೆ ಆಗುತ್ತದೆ.

ಆರು ತಿಂಗಳ ನಂತರ ಮತ್ತೆ ಕೇಳಿದರೆ ಯಾರಾದರೂ ಉತ್ತರ ಕೊಡ್ತಾರಾ?

ಕೆಲವೇ ಜನ. ಆದರೂ ನಾವು ಒಪ್ಪಿಗೆ ಕೊಟ್ಟವರಿಗೆ ಒಂದೇ ಸಾಲಿನ ಮೇಲ್ ಕಳಿಸುತ್ತೇವೆ: “ಅಂದು ಕೇಳಿದ ಯಾವುದಾದರೂ ಟಾಕ್‌ನಿಂದ ನಿಮ್ಮ ಕೋಡ್‌ನಲ್ಲಿ ಏನಾದರೂ ಬದಲಾಯಿತಾ?” ಹಿಂದೊಮ್ಮೆ ಮೈಸೂರಿನಿಂದ ಒಬ್ಬರು ಬರೆದರು. ಚಿತ್ರದ ಟ್ಯಾಗ್‌ಗೆ ಅಗಲ, ಎತ್ತರ ಬರೆದಿಟ್ಟರೆ ಬ್ರೌಸರ್ ಮೊದಲೇ ಜಾಗ ಕಾದಿರಿಸುತ್ತದೆ ಎಂದು ಅವತ್ತು ಕೇಳಿದ್ದರಂತೆ. ತಮ್ಮ ಪುಟದಲ್ಲಿ ಅದನ್ನು ಮಾಡಿದ ಮೇಲೆ, ಓದುತ್ತಿರುವಾಗ ಅಕ್ಷರಗಳು ಕೆಳಕ್ಕೆ ಜಿಗಿಯುವುದು ನಿಂತಿದೆ ಎಂದಿದ್ದರು. ಅದು ಮಧ್ಯಾಹ್ನದ ಊಟವಾದ ಮೇಲಿನ ಸ್ಲಾಟು, ಬಂದ ಅಂಕ 3.4. ಆ ಮೇಲನ್ನು ಸ್ಪೀಕರ್‌ಗೆ ಹಾಗೇ ಕಳಿಸಿಕೊಟ್ಟೆ.